ಕಪ್ತಾನನ ಹಿಂದೆ ನಿಂತವರು

ನನ್ನ ಅತ್ತೆಗೆ ಆ ಕಪ್ತಾನನ ಮೇಲೆ ಎಳ್ಳಷ್ಟೂ ಗೌರವವಿರಲಿಲ್ಲ. ಅವನು ಬಾಹ್ಯಾಕಾಶದಲ್ಲಿ ತೇಲುವ ದೊಡ್ಡ ಹಡಗಿನ ಒಡೆಯ. ಅಗಲ ಎದೆಯ ಗಂಡಸು, ವಾರಕ್ಕೊಂದು ಗ್ರಹವನ್ನಾದರೂ ಕಾಪಾಡದೆ ಬಿಡುತ್ತಿರಲಿಲ್ಲ. ಅವನು ಟಿವಿ ತೆರೆಯ ನಡುಮಧ್ಯ ನಿಂತು ಭಾಷಣ ಶುರುಮಾಡಿದನೆಂದರೆ ಅತ್ತೆ ಎದ್ದು ಒಲೆಯ ಮೇಲಿನ ಹಾಲು ನೋಡಿ ಬರುತ್ತಿದ್ದರು. "ಅವಂದೇನ ನೋಡೂದೈತಿ? ಅವ ಸಾಯಂಗಿಲ್ಲ. ಕಥಿನ ಅವಂದು, ಅವ ಸತ್ರ ನಾಳೆ ಏನ ತೋರಸ್ತಾರ? ಹಿಂದ ನಿಂತಾರಲ್ಲ, ಅವರನ್ನ ನೋಡಬೇಕು. ಅವರದ ಭರೋಸಾ ಇಲ್ಲ," ಎನ್ನುತ್ತಿದ್ದರು.

ಧಾರಾವಾಹಿಗಳ ಬಗ್ಗೆ ಇಷ್ಟು ಸರಿಯಾದ ಮಾತನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ. ನಾನೇನು ಅದರಲ್ಲಿ ಪಂಡಿತನಲ್ಲ. ಪುಣೆ ಹತ್ತಿರದ ಚಾಕಣದ ಒಂದು ಕಾರ್ಖಾನೆಯಲ್ಲಿ ವಾಹನಗಳ ಬಿಡಿಭಾಗ ಪರೀಕ್ಷಿಸುವ ಕೆಲಸ ನನ್ನದು. ಗೇರಿನ ಹಲ್ಲು ನೆಟ್ಟಗಿದೆಯೇ, ಬೋಲ್ಟಿನ ತಲೆ ಸೀಳಿದೆಯೇ ಎಂದು ನೋಡುವುದರಲ್ಲೇ ಹಗಲು ಮುಗಿಯುತ್ತದೆ. ಆ ಹಡಗನ್ನು ಮೋಶಿಯ ನಮ್ಮ ಫ್ಲಾಟಿಗೆ ತಂದವಳು ನನ್ನ ಹೆಂಡತಿ. ಕಾಯಿಲೆ ಬಿದ್ದು, ನೌಕರಿ ಬಿಟ್ಟು ಸೋಫಾ ಹಿಡಿದ ಮೇಲೆ ಅವಳಿಗೆ ಅದು ಸಿಕ್ಕಿತು. ಪರದೇಶದ ಧಾರಾವಾಹಿ, ಮಾತು ಮಾತ್ರ ಹಿಂದಿಯದು. ಮಗಳ ಆರೈಕೆಗೆಂದು ಊರಿನಿಂದ ಬಂದ ಅತ್ತೆ ಪಕ್ಕದಲ್ಲಿ ನೆಲದ ಮೇಲೆ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತ ತಾವೂ ನೋಡತೊಡಗಿದರು. ಬೆಳಗಾವಿ ಕಡೆಯವರಾದ್ದರಿಂದ ಅವರಿಗೆ ಮರಾಠಿ ಬರುತ್ತಿತ್ತು. ಅದರ ಆಧಾರದ ಮೇಲೆ ಹಿಂದಿಯನ್ನೂ ಹೇಗೋ ನಿಭಾಯಿಸುತ್ತಿದ್ದರು.

ಹೆಸರುಗಳು ಮಾತ್ರ ಅವರ ನಾಲಿಗೆಗೆ ಹತ್ತಲಿಲ್ಲ. ಹಾಗಾಗಿ ತಾಯಿ ಮಗಳು ಸೇರಿ ಹಡಗಿನವರಿಗೆಲ್ಲ ಬೇರೆ ಹೆಸರಿಟ್ಟರು. ಕೆಳಗಿನ ಅಂತಸ್ತಿನಲ್ಲಿ ನೀರಿನ ಟಾಕಿ ಕಾಯುವ ಕುಳ್ಳನು 'ನೀರಿನವ'. ಕಂತಿಗೊಮ್ಮೆ ಬಂದು, ಇಷ್ಟು ದಿನಕ್ಕೆ ಸಾಕಾಗುವಷ್ಟು ನೀರಿದೆ ಎಂದು ಹೇಳಿ ಹೋಗುವುದಷ್ಟೇ ಅವನ ಪಾತ್ರ. ಹಡಗಿನ ನರ್ಸು, ನೆರೆತ ಜಡೆಯ, ಕಣ್ಣಿನ ರೆಪ್ಪೆ ಅಡ್ಡಡ್ಡ ಮುಚ್ಚುವ ಮುದುಕಿ 'ನರಸಮ್ಮ'. ಕಿವಿಗೆ ಯಂತ್ರ ಹಾಕಿಕೊಂಡು ತಮ್ಮ ಭೂಮಿಯಿಂದ ಉತ್ತರ ಬಂತೇನೋ ಎಂದು ಸದಾ ಕಾಯುವ ಹುಡುಗಿ 'ಕಿವಿಯಾಕಿ'. ಇನ್ನು ಕಸ ಗುಡಿಸುವ ಹಸಿರು ಜೀವಿಯೊಂದಿತ್ತು. ಅದಕ್ಕೆ ಮುಖವಿತ್ತು, ಬಾಯಿರಲಿಲ್ಲ. ಅತ್ತೆಗೆ ಅದರದೇ ದೊಡ್ಡ ಚಿಂತೆ. "ಅಲ್ಲವಾ, ಇದು ಉಣ್ಣೂದರ ಹೆಂಗ? ಹಡಗ ಕಟ್ಟಿದ ಶಾಣ್ಯಾರಿಗೆ ಇಷ್ಟೂ ತಿಳೀಬಾರದ?" ಎಂದು ಮಗಳನ್ನು ಕೇಳಿದ್ದನ್ನು ನಾನು ಬೂಟು ಕಳಚುತ್ತ ಕೇಳಿಸಿಕೊಂಡಿದ್ದೇನೆ.

ಕೇಳಿಸಿಕೊಂಡಿದ್ದೇನೆ, ಅಷ್ಟೇ. ಯಾಕೆಂದರೆ ಅತ್ತೆ ನನ್ನೊಂದಿಗೆ ಮಾತಾಡುತ್ತಿರಲಿಲ್ಲ. ಸಿಟ್ಟಿನಿಂದಲ್ಲ, ಮರ್ಯಾದೆಯಿಂದ. ಅವರ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂಡುವುದಿಲ್ಲ, ಅವನಿಗೆ ನೇರ ಮಾತು ಆಡುವುದಿಲ್ಲ. ಹೇಳುವುದಿದ್ದರೆ ಮಗಳಿಗೆ ಹೇಳುತ್ತಾಳೆ, ಅಳಿಯ ಎರಡು ಮಾರು ದೂರದಲ್ಲಿ ಕೂತು ಕೇಳಿದ್ದರೂ ಮಗಳು ಅದನ್ನು ಮತ್ತೆ ಹೇಳಿದ ಮೇಲೆಯೇ ಕೇಳಿದಂತೆ. ನಾನೂ ಹಾಗೆಯೇ. "ಅಳ್ಯಾರು ಇನ್ನೊಂದ ರೊಟ್ಟಿ ಹಾಕಿಸ್ಕೋತಾರೇನ ಕೇಳವಾ," ಎಂದು ಅಡಿಗೆಮನೆಯ ಪರದೆಯಾಚೆಯಿಂದ ದನಿ ಬರುತ್ತಿತ್ತು. ನನ್ನ ಹೆಂಡತಿಯೋ, ನಡುವಿನ ಈ ಹುದ್ದೆಯನ್ನು ಚೆನ್ನಾಗಿ ದುರುಪಯೋಗ ಮಾಡಿಕೊಂಡವಳು. "ಅವ್ವ ಅಂತಾಳ, ನಿಮ್ಮ ಹೊಟ್ಟಿ ನಿಮಗಿಂತಾ ಮೊದಲ ಬಾಗಲದಾಗ ಬರತೈತಂತ. ಇನ್ನೊಂದ ರೊಟ್ಟಿ ಬೇಕಾ?" ಎಂದು ನನಗೆ ದಾಟಿಸುತ್ತಿದ್ದಳು. "ಅಯ್ಯ ನಿನ್ನ ಬಾಯಿಗಿಷ್ಟು! ನಾ ಯಾವಾಗ ಅಂದೆ?" ಎಂದು ಪರದೆ ಅಲುಗಾಡುತ್ತಿತ್ತು. ನಾನು ಮುಖ ಗಂಟಿಕ್ಕಿಕೊಂಡು ಉಣ್ಣುತ್ತಿದ್ದೆ. ಒಳಗೊಳಗೇ ಖುಷಿಯಾಗುತ್ತಿತ್ತು.

ಇನ್ನೊಂದು ಕಟ್ಟಳೆಯೂ ಇತ್ತು. ಮಗಳಿಗೆ ಮಕ್ಕಳಾಗುವ ತನಕ ಆಕೆಯ ಮನೆಯ ಅನ್ನ ಉಣ್ಣಬಾರದು. ನಮಗೆ ಮಕ್ಕಳಾಗಲಿಲ್ಲ. ಹಾಗಾಗಿ ಅತ್ತೆ ತಮ್ಮ ಹೊಲದ ಜೋಳವನ್ನೇ ಉಣ್ಣುತ್ತಿದ್ದರು. ಅದು ಮುಗಿಯುವ ಹೊತ್ತಿಗೆ ಅವರ ಮಗ, ಅಂದರೆ ನನ್ನ ಹೆಂಡತಿಯ ತಮ್ಮ, ಊರಿನಿಂದ ಬಸ್ಸಿಗೆ ಚೀಲ ಹಾಕಿಸುತ್ತಿದ್ದ, ನಾನು ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೋಗಿ ಇಳಿಸಿಕೊಂಡು ಬರುತ್ತಿದ್ದೆ. ಇಡೀ ಪುಣೆಯಲ್ಲಿ ಜೋಳ ಸಿಗುವುದಿಲ್ಲವೇನೋ ಅನ್ನುವ ಹಾಗೆ ಆ ಚೀಲವನ್ನು ಹೆಗಲ ಮೇಲೆ ಹೊತ್ತು ಜನರ ನಡುವೆ ನುಗ್ಗುವಾಗ ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು. ಆದರೆ ಇದು ವಾದ ಮಾಡುವ ವಿಷಯವಲ್ಲ, ಯಾರೊಂದಿಗೆ ವಾದ ಮಾಡುವುದು? ಅತ್ತೆ ನನ್ನೊಂದಿಗೆ ಮಾತೇ ಆಡುವುದಿಲ್ಲವಲ್ಲ.

ಹೆಂಡತಿ ಕಳೆದ ದೀಪಾವಳಿಯ ನಂತರ ತೀರಿಕೊಂಡಳು. ಆ ದಿನಗಳ ಬಗ್ಗೆ ಹೇಳಲು ನನ್ನ ಬಳಿ ಹೆಚ್ಚೇನಿಲ್ಲ. ಆಸ್ಪತ್ರೆಯಲ್ಲಿ ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದೆ. ಬಂಧುಗಳಿಗೆ, ಕಾರ್ಖಾನೆಗೆ, ಅಕ್ಕಪಕ್ಕದವರಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ಅವಳ ತಮ್ಮನೇ ಮಾಡಿದ. ಬಂದವರು ನನ್ನ ಭುಜ ಅದುಮಿದರು, ನಾನು ಅವರಿಗೆ ಕುರ್ಚಿ ತೋರಿಸಿದೆ. ಎಲ್ಲರೂ ನನ್ನ ಧೈರ್ಯವನ್ನು ಹೊಗಳಿದರು. ಅದು ಧೈರ್ಯವಾಗಿರಲಿಲ್ಲ. ದಂತವೈದ್ಯರು ಸೂಜಿ ಚುಚ್ಚಿದ ಮೇಲೆ ವಸಡು ಜೋಮು ಹಿಡಿಯುತ್ತದಲ್ಲ, ನನಗೆ ಮೈಯೆಲ್ಲ ಹಾಗಾಗಿತ್ತು. ರಜೆ ಮುಗಿದ ಮರುದಿನ ಕಂಪನಿಯ ಬಸ್ಸು ಹತ್ತಿ ಕೆಲಸಕ್ಕೆ ಹೋದೆ.

ಅತ್ತೆ ತಿಂಗಳ ಕಾರ್ಯ ಮುಗಿಯಲಿ ಎಂದು ಉಳಿದವರು, ಆಮೇಲೂ ಉಳಿದರು. ಇರ್ರಿ ಎಂದು ನಾನು ಹೇಳಲಿಲ್ಲ, ಹೋಗುತ್ತೇನೆ ಎಂದು ಅವರೂ ಹೇಳಲಿಲ್ಲ. ಹೇಳಲು ನಡುವೆ ಯಾರಿದ್ದರು? ಎರಡು ಕೋಣೆಯ ಫ್ಲಾಟಿನಲ್ಲಿ ನಾವಿಬ್ಬರೂ ಒಬ್ಬರ ಕಣ್ಣಿಗೊಬ್ಬರು ಬೀಳದ ಹಾಗೆ ಓಡಾಡಿದೆವು. ನಾನು ಬರುವ ಹೊತ್ತಿಗೆ ಮೇಜಿನ ಮೇಲೆ ತಾಟು ಮುಚ್ಚಿಟ್ಟಿರುತ್ತಿತ್ತು, ಅಡಿಗೆಮನೆಯ ಪರದೆ ಎಳೆದಿರುತ್ತಿತ್ತು. ಉಂಡರೆ ಉಂಡೆ, ಇಲ್ಲದಿದ್ದರೆ ಇಲ್ಲ. ಉಪ್ಪು ಹೆಚ್ಚೋ ಕಡಿಮೆಯೋ ನನಗೆ ಗೊತ್ತಾಗುತ್ತಿರಲಿಲ್ಲ.

ಒಂದು ಸಂಜೆ ಏನೂ ತೋಚದೆ ಟಿವಿ ಹಚ್ಚಿದೆ. ಅವಳು ನಿಲ್ಲಿಸಿದ್ದ ಕಂತೇ ಅಲ್ಲಿ ಕಾಯುತ್ತಿತ್ತು, ಅರ್ಧಕ್ಕೆ. ಹಡಗು ಶುರುವಾಯಿತು. ಸ್ವಲ್ಪ ಹೊತ್ತಿಗೆ ಪರದೆ ಸರಿದು, ಅತ್ತೆ ಹೊರಗೆ ಬಂದು ಅಡಿಗೆಮನೆಯ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತರು, ನನ್ನ ಕಡೆ ಅರ್ಧ ಬೆನ್ನು ಮಾಡಿ. ನಾನು ತಿರುಗಿ ನೋಡಲಿಲ್ಲ. ತೆರೆಯ ಮೇಲೆ ನೀರಿನವ ಬಂದ. ಅತ್ತೆ ಟಿವಿಗೆ ಹೇಳಿದರು: "ಈ ನೀರಿನವ ಮುಂಜಾನಿಂದ ಏನೂ ತಿಂದಂಗ ಕಾಣೂದಿಲ್ಲ. ಹಿಂಗ ಮಾಡಿದ್ರ ಮೈಯಾಗ ಏನ ಉಳೀತೈತಿ?"

ತೆರೆಯ ಮೇಲಿನ ನೀರಿನವ ಆ ಹೊತ್ತಿಗೆ ಸರಿಯಾಗಿ ಹಸಿರು ಬಣ್ಣದ ವಡೆಯಂಥದ್ದೇನನ್ನೋ ಬಾಯಿ ತುಂಬ ಜಗಿಯುತ್ತಿದ್ದ. ನಾನು ಅವನನ್ನು ನೋಡಿದೆ. ಆಮೇಲೆ ಮೇಜಿನ ಮೇಲೆ ಮುಚ್ಚಿಟ್ಟಿದ್ದ ತಾಟನ್ನು ನೋಡಿದೆ. ಎದ್ದು ಹೋಗಿ ಕೈತೊಳೆದುಕೊಂಡು ಉಂಡೆ.

ಅಲ್ಲಿಂದ ಅದೇ ನಮ್ಮ ಪದ್ಧತಿಯಾಯಿತು. ಸಂಜೆ ನಾನು ಬಂದು ಸ್ನಾನ ಮಾಡಿ ಟಿವಿ ಹಚ್ಚುವುದು, ಅತ್ತೆ ಬಾಗಿಲ ಬಳಿ ಬಂದು ಕೂಡುವುದು. ಹೇಳಬೇಕಾದದ್ದನ್ನೆಲ್ಲ ಹಡಗಿನವರಿಗೆ ಹೇಳುವುದು. "ಕಿವಿಯಾಕಿಗೆ ಯಾರರ ಹೇಳಬಾರದ? ಗ್ಯಾಸಿನವಂಗ ಫೋನ ಹಚ್ಚಬೇಕು, ಸಿಲಿಂಡರ ಇವತ್ತ ನಾಳೆ ಅನ್ನಾಕ ಹತ್ತೈತಿ." ಬಾಹ್ಯಾಕಾಶದಲ್ಲಿ ಯಾವ ಸಿಲಿಂಡರು! ನಾನು ಫೋನು ಹಚ್ಚಿದೆ. ಅತ್ತೆಯ ಮೊಣಕಾಲು ಬಾತಿದ್ದು ಕಣ್ಣಿಗೆ ಬಿದ್ದಾಗ ನಾನೂ ಅದೇ ದಾರಿ ಹಿಡಿದೆ. "ನರಸಮ್ಮ ಮಂದಿಗೆಲ್ಲಾ ಔಷಧ ಕೊಡತಾಳ್ರಿ, ತನ್ನ ಮೊಣಕಾಲ ಮಾತ್ರ ಯಾರಿಗೂ ತೋರಸಂಗಿಲ್ಲ. ರವಿವಾರ ದವಾಖಾನಿಗೆ ಹೋಗೂದ ಚೊಲೊ," ಎಂದು ಟಿವಿಗೆ ಹೇಳಿದೆ. ಅತ್ತೆ ಸೀರೆಯ ನಿರಿಗೆಯನ್ನು ಮೊಣಕಾಲ ಮೇಲೆ ಎಳೆದುಕೊಂಡರು. "ನರಸಮ್ಮಗ ರವಿವಾರ ಆಗಂಗಿಲ್ಲ. ಸೋಮವಾರ ನೋಡತಾಳಂತ," ಎಂದರು. ಸೋಮವಾರ ಅರ್ಧ ದಿನ ರಜೆ ಹಾಕಿ ರಿಕ್ಷಾದಲ್ಲಿ ಕರೆದೊಯ್ದೆ. ದಾರಿಯುದ್ದಕ್ಕೂ ಇಬ್ಬರೂ ಒಂದು ಮಾತೂ ಆಡಲಿಲ್ಲ, ಅಲ್ಲಿ ಟಿವಿ ಇರಲಿಲ್ಲ.

ಹೀಗೆ ನೋಡುತ್ತ ನೋಡುತ್ತ ನನಗೂ ಕಪ್ತಾನ ಬೇಡವಾದ. ಅತ್ತೆ ನೋಡುವುದನ್ನು ನಾನು ನೋಡತೊಡಗಿದೆ. ಕಪ್ತಾನ ಶತ್ರುವಿನೊಂದಿಗೆ ಗುದ್ದಾಡುವಾಗ ಹಿಂದುಗಡೆ ನೀರಿನವ ಒಂದು ಕೊಳವೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಂತಿರುತ್ತಿದ್ದ. ಜಗಳ ಮುಗಿದು, ಗೆದ್ದವರೆಲ್ಲ ತಬ್ಬಿಕೊಂಡು ನಕ್ಕರೂ ಅವನು ಕೈಬಿಡುತ್ತಿರಲಿಲ್ಲ. ನರಸಮ್ಮ ಗಾಯ ಕಟ್ಟಿದ ಮೇಲೆ ಆ ಮನುಷ್ಯನ ಅಂಗಿಯ ಗುಂಡಿಯನ್ನೂ ಹಾಕಿಯೇ ಎದ್ದು ಹೋಗುತ್ತಿದ್ದಳು. ಯಾರೂ ಬರೆದುಕೊಟ್ಟ ಮಾತಲ್ಲ ಅದು, ಆ ನಟಿ ತಾನಾಗಿಯೇ ಮಾಡಿದ್ದಿರಬೇಕು. ಒಮ್ಮೆ ಎಲ್ಲರೂ ಪಾರಾಗಲು ಓಡುತ್ತಿರುವಾಗ ಬಾಯಿಲ್ಲದ ಜೀವಿ ಬಾಗಿಲ ಬಳಿ ನಿಂತು, ಹಿಂದೆ ಇನ್ನೂ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿತ್ತು. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಚಿಕ್ಕ ಚಿತ್ರ. "ನೋಡಿದ್ರ್ಯಾ?" ಎಂದು ಅತ್ತೆ ಟಿವಿಯನ್ನು ಕೇಳಿದರು. "ನೋಡಿದೆ," ಎಂದು ನಾನು ಟಿವಿಗೆ ಹೇಳಿದೆ. ದುಃಖವೂ ಇಲ್ಲ, ಸುಖವೂ ಇಲ್ಲದ ಆ ತಿಂಗಳುಗಳಲ್ಲಿ ನನಗೆ ಏನಾದರೂ ಹಿಡಿಸಿದ್ದರೆ ಅದು ಇಷ್ಟೇ.

ಆಮೇಲೆ ಕಿವಿಯಾಕಿ ಸತ್ತಳು. ಹಡಗಿಗೆ ಏಟು ಬಿತ್ತು, ಹೊಗೆ ತುಂಬಿತು, ಅವಳು ಕಿವಿಯ ಯಂತ್ರದ ಸಮೇತ ಮೇಜಿನ ಮೇಲೆ ತಲೆಯಿಟ್ಟಳು, ಅಷ್ಟೇ. ಮುಂದಿನ ಕಂತಿನಲ್ಲಿ ಅದೇ ಕುರ್ಚಿಯಲ್ಲಿ ಬೇರೆ ಹುಡುಗಿ ಕೂತಿದ್ದಳು. ಯಾರೂ ಏನೂ ಅನ್ನಲಿಲ್ಲ. ಕಪ್ತಾನ ಹೊಸಬಳಿಗೆ ಬೆನ್ನು ತಟ್ಟಿ ಭಾಷಣ ಮಾಡಿದ. ಅತ್ತೆ ಎದ್ದು ನಿಂತುಬಿಟ್ಟರು. "ಒಂದ ಮಾತ? ಇಷ್ಟ ಮಂದಿ ಅದಾರ, ಒಬ್ಬರ ಬಾಯಾಗರ ಆ ಹುಡಿಗಿ ಸುದ್ದಿ ಒಂದ ಮಾತ ಬರಬಾರದ? ನಾಯಿ ಸತ್ರೂ ಓಣ್ಯಾನ ಮಂದಿ ಅಯ್ಯ ಅಂತಾರ! ಹಾಳಾಗ್ಹೋಗ್ಲಿ ಇವರ ಹಡಗಾ!" ಟಿವಿ ಆರಿಸುವುದು ಅವರಿಗೆ ಬರುತ್ತಿರಲಿಲ್ಲ. ಗೋಡೆಯ ಗುಂಡಿಯನ್ನೇ ಒತ್ತಿದರು. ಮನೆ ಗಪ್ಪಾಯಿತು. ನಾನು ಕಪ್ಪಾದ ಟಿವಿಯ ಮುಂದೆ ಕೂತೇ ಇದ್ದೆ. ಅತ್ತೆ ಒಳಗೆ ಹೋಗಿ ಹಿಟ್ಟು ನಾದುವ ಸದ್ದು ಕೇಳುತ್ತಿತ್ತು, ಬೇಕಾದದ್ದಕ್ಕಿಂತ ಜೋರಾಗಿ.

ನಾಲ್ಕೈದು ಸಂಜೆ ಟಿವಿ ಹಚ್ಚಲಿಲ್ಲ. ಮತ್ತೆ ಹಚ್ಚಿದ ದಿನ ಅತ್ತೆ ಬಂದು ಕೂತರು. ನೀರಿನವ ಬಂದಾಗ ನಿಧಾನಕ್ಕೆ ಹೇಳಿದರು: "ಟಾಕಿ ತಳ ಕಂಡೈತಿ. ಜ್ವಾಳದ ಹಿಟ್ಟ ಈ ವಾರಕ್ಕ ಆದ್ರ ಆತು."

ಮಾಮೂಲಿನಂತೆ ಬಸ್ಸಿಗೆ ಚೀಲ ಬರುವುದೆಂದು ನಾನು ಕಾದೆ. ಚೀಲ ಬರಲಿಲ್ಲ, ಹೆಂಡತಿಯ ತಮ್ಮನ ಫೋನು ಬಂತು. "ಮಾಮಾ, ಈ ಸಲ ಜ್ವಾಳ ಕಳಸೂದಿಲ್ಲರಿ. ರವಿವಾರ ನಾನ ಗಾಡಿ ತಗೊಂಡ ಬರತೇನಿ, ಅವ್ವನ್ನ ಕರಕೊಂಡ ಹೋಗತೇನಿ. ಭಾಳ ದಿನಾ ಆತಲ್ರಿ," ಎಂದ. ತಪ್ಪೇನೂ ಇರಲಿಲ್ಲ. ಮಗಳಿದ್ದಳು, ಅದಕ್ಕೆ ಅತ್ತೆಯಿದ್ದರು. ಮಗಳಿಲ್ಲದ ಮೇಲೆ ಅವರು ನನಗೆ ಯಾರು, ನಾನು ಅವರಿಗೆ ಯಾರು? ಹೂಂ ಎಂದೆ. ಫೋನಿಟ್ಟ ಮೇಲೆ ಅವರು ಹೋದರೆ ನನಗೆ ಬೇಸರವಾಗುತ್ತದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಏನೂ ಗೊತ್ತಾಗಲಿಲ್ಲ. ಆದರೆ ಮರುದಿನ ಕಾರ್ಖಾನೆಯಲ್ಲಿ, ಹಲ್ಲು ಮುರಿದ ಗೇರೊಂದನ್ನು ಸರಿಯಿದ್ದವುಗಳ ಕಡೆ ಇಟ್ಟುಬಿಟ್ಟೆ. ಜೊತೆಯವನು ಹಿಡಿದು ತೋರಿಸಿದ. ನನ್ನ ಕೈಯಿಂದ ಅಂಥದ್ದು ಯಾವತ್ತೂ ಆಗಿರಲಿಲ್ಲ. ಆಗ ತಿಳಿಯಿತು, ಅವರು ಹೋಗುವುದು ನನಗೆ ಬೇಡವಾಗಿತ್ತು. ನನ್ನನ್ನು ಬಿಟ್ಟರೆ ಆ ಮನೆಯಲ್ಲಿ ನನ್ನ ಹೆಂಡತಿಯ ದನಿಯನ್ನು ಕೇಳಿದ್ದ ಮನುಷ್ಯರು ಇನ್ನು ಅವರೊಬ್ಬರೇ.

ರವಿವಾರ ಹತ್ತು ಗಂಟೆಗೆ ಹೆಂಡತಿಯ ತಮ್ಮ ಬಂದ. ಒಳ್ಳೆಯ ಹುಡುಗ, ಹೊಲ ಮನೆ ಅಂತ ಇರುವವನು. ಚಹಾ ಕುಡಿದ. ಅತ್ತೆಯ ಎರಡು ಸೀರೆ ಚೀಲ ಬಾಗಿಲ ಹತ್ತಿರ ತಯಾರಿದ್ದವು. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ, ಎಂದಿನ ಜಾಗದಲ್ಲಿ ಕೂತಿದ್ದರು. "ಮತ್ತ ನಡಿ ಅವ್ವಾ, ಬಿಸಲ ಏರತೈತಿ," ಎಂದ. ಅವರು ಏಳಲಿಲ್ಲ. ಈಗ ನಾನು ಹೇಳಬೇಕಾಗಿತ್ತು, ಅದು ನನಗೂ ಗೊತ್ತಿತ್ತು. ನಾನು ಮಾಡಿದ್ದೇನು? ರಿಮೋಟು ಹುಡುಕತೊಡಗಿದೆ.

"ಒಂದೀಟ ಟಿವಿ ಹಚ್ಚೋಣೇನು?" ಎಂದೆ.

ಅವನು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದ. "ಈಗ್ಯಾಕ ಮಾಮಾ ಟಿವಿ? ಆರಾಮ ಅದೀರಿಲ್ಲೋ?"

ರಿಮೋಟು ಸಿಗಲಿಲ್ಲ. ಸೋಫಾದ ದಿಂಬು ಎತ್ತಿದೆ, ಮೇಜಿನ ಕೆಳಗೆ ಬಗ್ಗಿ ನೋಡಿದೆ. ಬೇರೆ ದಾರಿಯಿಲ್ಲದೆ ತಮ್ಮನನ್ನೇ ನಡುವಿಗೆ ಇಟ್ಟುಕೊಂಡೆ. "ನಿಮ್ಮ ಅವ್ವಾರಿಗೆ ಹೇಳ್ರಿ, ಇಲ್ಲೇ ಇರಬೇಕಂತ. ಜ್ವಾಳ ಇಲ್ಲೂ ಸಿಗತಾವು ಅಂತ ಹೇಳ್ರಿ."

"ಅಲ್ಲೇ ಕುಂತಾಳಲ್ಲರಿ! ನೀವ ಹೇಳ್ರೆಲಾ," ಎಂದು ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು.

ನಾನು ತಿರುಗಿದೆ. ಮದುವೆಯಾದಂದಿನಿಂದ ಆ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಕಣ್ಣು ಅವಳವೇ. "ಅವ್ವಾ, ಹೋಗಬ್ಯಾಡ್ರಿ," ಎಂದೆ.

ಅತ್ತೆ ಸೆರಗು ಸರಿಪಡಿಸಿಕೊಂಡರು. ಹೇಳಲೋ ಬೇಡವೋ ಎಂದು ತೊಳಲಾಡುತ್ತಿದ್ದದ್ದು ಕಾಣುತ್ತಿತ್ತು. ಆಮೇಲೆ ಹೇಳಿದರು, ನನಗೇ. "ಇರಾಕ ನನಗೂ ಮನಸ ಐತ್ರಿ. ಆದ್ರ ಇಲ್ಲಿ ನನಗ ಅಳಾಕ ಆಗವಲ್ದು. ಅಳಿಯನ ಮನ್ಯಾಗ ಕುಂತು ಹೆಂಗ ಬಾಯಿ ತಗೀಲಿ? ಅಕಿ ಹ್ವಾದಾಗಿಂದ ನಾ ಬಾಯಿ ತಗದ ಅತ್ತಿಲ್ಲ. ನೀವೂ ಅಳಲಿಲ್ಲ, ನಿಮ್ಮ ಮುಂದ ನಾ ಹೆಂಗ ಅಳಬೇಕು? ಊರಿಗೆ ಹ್ವಾದ್ರ ನಾಕ ಮಂದಿ ಹೆಣ್ಣಮಕ್ಕಳ ನಡುವ ಕುಂತು ಒಮ್ಮೆ ಅತ್ತ ಬಿಡತೇನಿ ಅಂತ ಮಾಡಿದ್ದೆ." ತಲೆಯೆತ್ತಿ ಕೇಳಿದರು: "ಈ ಮನ್ಯಾಗ ನಾ ಅಳಬಹುದೇನ್ರಿ?"

"ಅಳ್ರಿ ಅವ್ವಾ," ಎಂದೆ.

ಅತ್ತರು. ನಮ್ಮ ಕಡೆಯ ಹೆಂಗಸರು ಅಳುವ ಹಾಗೆ, ಎದೆ ಬಡಿದುಕೊಂಡು, ಹಾಡಿ ಹಾಡಿ. ಮಗಳು ಹುಟ್ಟಿದ್ದು, ತೊದಲಿದ್ದು, ಶಾಲೆಗೆ ಹೋಗಲಾರೆನೆಂದು ಕಣಜದ ಹಿಂದೆ ಅಡಗಿದ್ದು, ಅರಿಶಿನ ಹಚ್ಚಿಸಿಕೊಂಡಿದ್ದು, ಕೂದಲುದುರಿದ ತಲೆಗೆ ತಾವೇ ಕೈಯಾರೆ ಎಣ್ಣೆ ಹಚ್ಚಿದ್ದು, ಎಲ್ಲವನ್ನೂ ಹಾಡಿದರು. "ನಿನ್ನ ಗಂಡನ್ನ ನನ್ನ ಉಡ್ಯಾಗ ಹಾಕಿ ಹ್ವಾದೆಲ್ಲವಾ, ನಾ ಅವರ ಜೋಡಿ ಹೆಂಗ ಮಾತಾಡಲೇ ನನ ಕೂಸ," ಎಂದು ಹಾಡಿದರು. ಹೆಂಡತಿಯ ತಮ್ಮ ಗೋಡೆಗೆ ಹಣೆಯೊತ್ತಿ ನಿಂತಿದ್ದ. ನಾನು ಅತ್ತೆಯ ಎದುರಿಗೆ, ನೆಲದ ಮೇಲೆ ಕೂತಿದ್ದೆ. ನನಗೆ ಅಳು ಬರಲಿಲ್ಲ. ಆದರೆ ಎದ್ದೂ ಹೋಗಲಿಲ್ಲ.

ಆ ಕಟ್ಟಡದಲ್ಲಿ ಅಂಥ ಅಳು ಯಾರೂ ಕೇಳಿರಲಿಕ್ಕಿಲ್ಲ. ಕರೆಗಂಟೆ ಬಾರಿಸಿತು. ಬಾಗಿಲು ತೆರೆದರೆ ಎದುರು ಮನೆಯ ಮರಾಠಿ ಕಾಕೂ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿ ಬಂದಿದ್ದರು. ಅವರಿಗೆ ಎಲ್ಲವೂ ಗೊತ್ತಿದ್ದದ್ದೇ, ಹೆಂಡತಿಗೆ ಕೊನೆಯ ಸಲ ಕುಂಕುಮ ಹಚ್ಚಿದವರೇ ಅವರು. ಆದರೂ ಗಾಬರಿಯಲ್ಲಿ, "ಕಾಯ್ ಝಾಲಂ? ಕಾಯ್ ಝಾಲಂ?" ಏನಾಯಿತು ಎಂದು ಕೇಳಿದರು.

ಏನೂ ಇಲ್ಲ ಎಂದು ಹೇಳಲು ಬಾಯಿ ತೆರೆದೆ. "ಮಾಝಿ ಬಾಯಕೋ ಗೇಲಿ, ಕಾಕೂ," ಎಂದೆ. ನನ್ನ ಹೆಂಡತಿ ಹೋದಳು. ಹೇಳಿದ ಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಳ್ಳಬೇಕಾಯಿತು. ಕಾಕೂ ಚಪ್ಪಲಿ ಬಿಟ್ಟು ಒಳಗೆ ಬಂದರು.